ಮೊದಲ ಪ್ಯಾಚ್ ನೋಡುವವರು ಯಾರು?

ಬೆಂಗಳೂರಿನ ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಪ್ಲೇಸ್‌ಮೆಂಟ್‌ಗೆ ಮುಂಚೆ ರೆಸ್ಯೂಮೆಯಲ್ಲಿ ಒಂದೆರಡು ಓಪನ್ ಸೋರ್ಸ್ ಪಿಆರ್ (ಪುಲ್ ರಿಕ್ವೆಸ್ಟ್, ಅಂದರೆ ಯಾರು ಬೇಕಾದರೂ ಓದಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ ‘ನನ್ನ ಈ ತಿದ್ದುಪಡಿ ಸೇರಿಸಿಕೊಳ್ಳಿ’ ಎನ್ನುವ ಕೋರಿಕೆ) ತೋರಿಸುವ ಧಾವಂತ. ಅತ್ತ ಆ ಪಿಆರ್‌ಗಳನ್ನು ಓದಿ ಉತ್ತರ ಕೊಡಬೇಕಾದ ಮೇಂಟೇನರ್‌ಗಳು, ಅಂದರೆ ಆ ಸಾಫ್ಟ್‌ವೇರ್ ನೋಡಿಕೊಳ್ಳುವವರು, ಸುಸ್ತಾಗಿದ್ದಾರೆ. ಈ ಜಗ್ಗಾಟ ಇವತ್ತು ನಿನ್ನೆಯದಲ್ಲ.

1991ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರುವಾದಾಗ ಹೊಸಬರಿಗೆ ಪಾಠ ಹೇಳುವ ಏರ್ಪಾಡು ಅಂತ ಏನೂ ಇರಲಿಲ್ಲ. ಕೋಡ್ ಓದಿ, ತಿದ್ದಿ, ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಇಮೇಲ್‌ನಲ್ಲಿ ಕಳಿಸಬೇಕಿತ್ತು. ತಪ್ಪಿದ್ದರೆ ಬೈಗುಳವೂ ಬರುತ್ತಿತ್ತು. ತಡೆದುಕೊಂಡವರು ಉಳಿದರು. ಮುಂದೆ ಪ್ರಾಜೆಕ್ಟ್‌ಗಳು ದೊಡ್ಡದಾದಂತೆ ಸಣ್ಣ ಕೆಲಸಗಳನ್ನು ಹೊಸಬರಿಗೆಂದೇ ಎತ್ತಿಡುವ ರೂಢಿ ಬಂತು. ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಕೆಡಿಇಯಲ್ಲಿ ‘ಜೂನಿಯರ್ ಜಾಬ್ಸ್’, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದಲ್ಲಿ ‘ಗುಡ್ ಫಸ್ಟ್ ಬಗ್’, ಆಫೀಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಲ್ಲಿ ‘ಈಸಿ ಹ್ಯಾಕ್ಸ್’. ಇವುಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈಸಿ ಹ್ಯಾಕ್ಸ್. ಸುಮ್ನೆ ‘ಸುಲಭ’ ಅಂತ ಚೀಟಿ ಅಂಟಿಸಿ ಬಿಡುವುದಿಲ್ಲ. ಯಾವ ಫೈಲ್ ತೆರೆಯಬೇಕು, ಯಾವ ಭಾಷೆ ಗೊತ್ತಿರಬೇಕು, ಎಷ್ಟು ಕಷ್ಟ ಎನ್ನುವುದನ್ನೂ ಬರೆದಿರುತ್ತಾರೆ. ಹಾಗೆ ಬರೆಯುವುದಕ್ಕೂ ಅನುಭವಿಯೊಬ್ಬರ ಸಮಯ ಬೇಕು, ಅಲ್ವಾ?

ದುಡ್ಡು ಬಂದದ್ದು 2005ರಲ್ಲಿ. ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಯೋಜನೆ ಮೊದಲ ವರ್ಷವೇ ಸುಮಾರು 400 ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಕೊಟ್ಟು, ಒಬ್ಬೊಬ್ಬರಿಗೂ ಮೆಂಟರ್ ಗೊತ್ತುಮಾಡಿತು. ಮರುವರ್ಷ ಅದೇ ಯೋಜನೆಯಡಿ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪ್ರಾಜೆಕ್ಟ್‌ಗೆ ಬಂದ 181 ಅರ್ಜಿಗಳಲ್ಲಿ ಹೆಣ್ಣುಮಕ್ಕಳದ್ದು ಒಂದೂ ಇರಲಿಲ್ಲ. ಗ್ನೋಮ್‌ನವರು ಹೆಣ್ಣುಮಕ್ಕಳಿಗೆಂದೇ ಬೇರೆ ಯೋಜನೆ ತೆರೆದರು, ಅರ್ಜಿಗಳು ಬಂದವು. ಈಗಿನ ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಯೋಜನೆಯ ಬೇರು ಅದೇ. ಅಲ್ಲಿ ಆಯ್ಕೆಗೆ ಮುಂಚೆಯೇ ಅಭ್ಯರ್ಥಿ ಆ ಪ್ರಾಜೆಕ್ಟ್‌ಗೆ ಒಂದು ಸಣ್ಣ ಕೆಲಸ ಮಾಡಿಕೊಡಬೇಕು. ಮೆಂಟರ್ ಆ ಹೊತ್ತಿಗೇ ಸಿಗುತ್ತಾರೆ. ಮಾತು, ಪ್ರಶ್ನೆ, ತಿದ್ದುಪಡಿ ಎಲ್ಲ ಆಗ ಶುರು.

ಬೆಂಗಳೂರಿನಲ್ಲಿ 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಸಮಾವೇಶ ಶುರುವಾಯಿತು. 2005ರಲ್ಲಿ ಅದರ ಹೆಸರು ‘ಫಾಸ್ ಡಾಟ್ ಇನ್’ ಆಯಿತು. ಜನ ಬರುತ್ತಿದ್ದರು, ಭಾಷಣ ಕೇಳುತ್ತಿದ್ದರು, ಹೋಗುತ್ತಿದ್ದರು. ಬಳಸುವವರು ಸಾಲದು, ಮಾಡುವವರು ಬೇಕು ಎಂದು ಅದರ ರೂವಾರಿ ಅತುಲ್ ಚಿಟ್ನಿಸ್ ಮತ್ತು ಗೆಳೆಯರು ಪಟ್ಟು ಹಿಡಿದರು. ಹಾಗೆ ಬಂದದ್ದು ‘ವರ್ಕೌಟ್’: ಪ್ರಾಜೆಕ್ಟ್‌ನವರ ಜೊತೆ ಕೂತು ಅಲ್ಲೇ ಕೋಡ್ ಬರೆಯುವುದು. 2012ರ ನಂತರ ಆ ಸಮಾವೇಶ ನಡೆಯಲಿಲ್ಲ. ಆದರೆ 2009ರಲ್ಲಿ ಇದೇ ಊರಲ್ಲಿ ಶುರುವಾದ ಪೈಕಾನ್ ಇಂಡಿಯಾ ಎಂಬ ಪೈಥಾನ್ ಭಾಷೆಯ ಸಮಾವೇಶದಲ್ಲಿ ಅಂಥದ್ದೇ ರೂಢಿ ‘ಸ್ಪ್ರಿಂಟ್’ ಹೆಸರಲ್ಲಿ ಬೆಳೆಯಿತು. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಬಿಲ್ಡ್ ಆಗದ (ಓಡುವ ಪ್ರೋಗ್ರಾಂ ಆಗಿ ಸಿದ್ಧವಾಗದ) ಕೋಡ್ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಒಂಟಿಯಾಗಿದ್ದರೆ ಹೊಸಬರು ಬಿಟ್ಟುಹೋಗುವುದು ಸಾಮಾನ್ಯವಾಗಿ ಅಲ್ಲೇ, ಕೋಡ್ ಬರೆಯುವ ಹಂತಕ್ಕೆ ಬರುವ ಮೊದಲೇ.

2008ರಲ್ಲಿ ಬಂದ, ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಲೆಕ್ಕವನ್ನೇ ಬದಲಿಸಿತು. ಪ್ಯಾಚ್ ಕಳಿಸುವುದು ಒಂದು ಬಟನ್ ಒತ್ತುವ ಕೆಲಸವಾಯಿತು. ಬಾಗಿಲು ಅಗಲವಾಯಿತು, ಒಳಗೆ ಬಡಿಸುವ ಕೈ ಮಾತ್ರ ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ಇದು ಎದ್ದು ಕಂಡಿತು. ಪ್ರತಿ ಅಕ್ಟೋಬರ್‌ನ ಓಪನ್ ಸೋರ್ಸ್ ಅಭಿಯಾನ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಆಗ ನಾಲ್ಕು ಪಿಆರ್ ಕಳಿಸಿದರೆ ಟೀ ಶರ್ಟ್. ಪ್ರಾಜೆಕ್ಟ್‌ನ ಪರಿಚಯ ಬರೆದಿಡುವ ರೀಡ್‌ಮಿ ಫೈಲ್‌ಗೆ ‘ಅಮೇಜಿಂಗ್ ಪ್ರಾಜೆಕ್ಟ್’ ಎಂದು ಸೇರಿಸಿದ ಪಿಆರ್‌ಗಳ ಪ್ರವಾಹವೇ ಹರಿಯಿತು. ಆ ತಿಂಗಳ ಮೊದಲ ವಾರವೇ ನಿಯಮ ಬದಲಾಯಿತು: ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳ ಪಿಆರ್ ಮಾತ್ರ ಲೆಕ್ಕಕ್ಕೆ. 2024ರಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಎಕ್ಸ್‌ಪ್ರೆಸ್ ಎಂಬ ಪ್ರಾಜೆಕ್ಟ್‌ಗೂ ಇದೇ ಕಾಟ. ಒಂದು ಟ್ಯುಟೋರಿಯಲ್ ನೋಡಿದ ಭಾರತದ ವಿದ್ಯಾರ್ಥಿಗಳು ರೀಡ್‌ಮಿಯಲ್ಲಿ ತಮ್ಮ ಹೆಸರು ಸೇರಿಸುವ ಪಿಆರ್ ಕಳಿಸತೊಡಗಿದರು. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಪಿಆರ್ ತೆರೆಯುವುದನ್ನು ಕಲಿಸಿದವರು, ಅದನ್ನು ಓದುವವರೂ ಇದ್ದಾರೆ ಎಂದು ಹೇಳಲೇ ಇಲ್ಲ.

ಈಗ ಎಐ ಬಂದಿದೆ. ಪ್ಯಾಚ್ ಬರೆಯುವುದು ನಿಮಿಷದ ಕೆಲಸ, ರಿವ್ಯೂ ಮಾಡುವ ಹೊತ್ತು ಮಾತ್ರ ಕಮ್ಮಿಯಾಗಿಲ್ಲ. ಬೆಂಗಳೂರಿನ ಷೇರು ವಹಿವಾಟು ಕಂಪನಿ ಜೆರೋಧಾ 2024ರಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಇಂಥ ದುಡ್ಡಿನಲ್ಲಿ ಒಂದು ಪಾಲು ಹೊಸಬರ ಪ್ಯಾಚ್ ಓದುವವರ ಸಂಬಳಕ್ಕೆ ಹೋಗಬೇಕು ಎನ್ನುವುದು ನನ್ನ ವಾದ. ಹೊಸ ಫೀಚರ್‌ಗಂತೂ ಹೇಗೋ ಜನ ಸಿಗುತ್ತಾರೆ.