ಅಂಚೆ ತೆರಪಿನ ಪದವಿ: ಅಡ್ಮಿಷನ್ ಆದದ್ದು ಯಾವ ವರ್ಷ?

ದೂರಶಿಕ್ಷಣದ ಪದವಿ ಹಿಡಿದು ದಾಖಲೆ ಪರಿಶೀಲನೆಗೆ ಹೋದವರನ್ನು ಮೇಜಿನ ಆಚೆ ಕೂತವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: 'ಅಡ್ಮಿಷನ್ ಆದದ್ದು ಯಾವ ವರ್ಷ?' ದರ್ಜೆ, ಘಟಿಕೋತ್ಸವದ ತಾರೀಕು ಎಲ್ಲ ಆಮೇಲೆ. ಮೂವತ್ತೈದು ದಾಟಿದ ಮೇಲೆ ಕೆಲಸ ಬದಲಿಸಲೆಂದು ಮತ್ತೆ ಓದಲು ಹೊರಟವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಈ ಪ್ರಶ್ನೆಯ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಥೆ ಇದೆ.

ನಮ್ಮ ದೇಶದಲ್ಲಿ ಅಂಚೆಯ ಮೂಲಕ ಪದವಿ ಪಾಠ ಶುರುವಾದದ್ದು 1962ರಲ್ಲಿ, ದೆಹಲಿ ವಿಶ್ವವಿದ್ಯಾಲಯದಲ್ಲಿ. ಮೈಸೂರು ವಿಶ್ವವಿದ್ಯಾಲಯ 1969-70ರಲ್ಲಿ ಅದೇ ದಾರಿ ಹಿಡಿಯಿತು. 'ಅಂಚೆ ತೆರಪಿನ ಶಿಕ್ಷಣ' ಎಂಬ ಸೊಗಸಾದ ಹೆಸರು ಮೈಸೂರು ಸೀಮೆಯವರ ಬಾಯಲ್ಲಿ ಇಂದಿಗೂ ಉಳಿದಿದೆ. ಪಾಠದ ಕಟ್ಟು ಟಪಾಲಿನಲ್ಲಿ ಬರುತ್ತಿತ್ತು, ರಜೆಯಲ್ಲಿ ಸಂಪರ್ಕ ತರಗತಿ ನಡೆಯುತ್ತಿತ್ತು. ಹೈದರಾಬಾದಿನಲ್ಲಿ 1982ರಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಬಂತು, 1985ರಲ್ಲಿ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಮೈಸೂರಿನ ಅಂಚೆ ತೆರಪಿನ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಅಲ್ಲಿಂದಾಚೆ ತಕರಾರೆಲ್ಲ ಒಂದೇ ವಿಷಯದ್ದು: ಮಾನ್ಯತೆ ಕೊಡುವವರು ಯಾರು? 1991ರಲ್ಲಿ ಇಗ್ನೋದೊಳಗೇ ದೂರಶಿಕ್ಷಣ ಮಂಡಳಿ ಹುಟ್ಟಿತು. ಆಡುವವರೂ ಅವರೇ, ಅಂಪೈರೂ ಅವರೇ. ಮುಂದಿನ ವರ್ಷಗಳಲ್ಲಿ ದೇಶದ ಹಲವು ವಿಶ್ವವಿದ್ಯಾಲಯಗಳು ತಮ್ಮ ಗಡಿಯಾಚೆಗೂ ಖಾಸಗಿ ಸೆಂಟರ್‌ಗಳಿಗೆ ಪ್ರವೇಶ ಮತ್ತು ಪಾಠದ ಹೊಣೆ ಬಿಟ್ಟುಕೊಟ್ಟವು. ಬೋರ್ಡಿನ ಮೇಲೆ ವಿಶ್ವವಿದ್ಯಾಲಯದ ಹೆಸರು, ರಸೀದಿ ಮಾತ್ರ ಸೆಂಟರಿನದು. 2013ರಲ್ಲಿ ಮಂಡಳಿಯನ್ನು ಮುಚ್ಚಿ ಅಧಿಕಾರವನ್ನು ಯುಜಿಸಿಗೆ (ವಿಶ್ವವಿದ್ಯಾಲಯ ಅನುದಾನ ಆಯೋಗ) ವರ್ಗಾಯಿಸಲಾಯಿತು. 2015ರ ಜೂನ್‌ನಲ್ಲಿ ಯುಜಿಸಿ ನಮ್ಮ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ 2012-13ರ ನಂತರ ಇಲ್ಲ ಎಂದು ಪ್ರಕಟಿಸಿತು. ಗಡಿ ಮೀರಿ ಕೋರ್ಸ್ ನಡೆಸಿದ್ದು, ತಾಂತ್ರಿಕ ಕೋರ್ಸ್‌ಗಳಿಗೆ ಕೈಹಾಕಿದ್ದು ಆಕ್ಷೇಪಗಳಲ್ಲಿ ಮುಖ್ಯವಾದವು. ಏಟು ಹಿಂದಿನ ತಾರೀಕಿನಿಂದ ಬಿದ್ದದ್ದರಿಂದ ಫೀಸು ಕಟ್ಟಿ ಓದುತ್ತಿದ್ದವರೇ ಕೋರ್ಟು ಕಚೇರಿ ಅಲೆಯಬೇಕಾಯಿತು. ಮಾನ್ಯತೆ ಮರಳಿದ್ದು 2018-19ರ ಸಾಲಿನಿಂದ, ಅದೂ ತಾಂತ್ರಿಕವಲ್ಲದ ಕೋರ್ಸ್‌ಗಳಿಗೆ.

ಇದೇ ಹೊತ್ತಿಗೆ, 2017ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟು ಕೆಲವು ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮವೆಂದು ಕೇಂದ್ರ ಸರ್ಕಾರ ಘೋಷಿಸಿದ) ವಿಶ್ವವಿದ್ಯಾಲಯಗಳು ಅಂಚೆಯಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಪ್ರಕರಣ ತೀರ್ಮಾನಿಸಿತು. 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತು; ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ನಡೆಸುವ ಪರೀಕ್ಷೆ ಪಾಸಾದರೆ ಉಳಿಯುತ್ತದೆ, ಹೆಚ್ಚೆಂದರೆ ಎರಡು ಅವಕಾಶ. ಆ ನಂತರ ಸೇರಿದವರ ಪದವಿ ರದ್ದು. ಅದೇ ಕೋರ್ಸು, ಅದೇ ಸಹಿ; ಸೇರಿದ ವರ್ಷವೊಂದೇ ಬೇರೆ. ಮೇಜಿನ ಆಚೆಯ ಪ್ರಶ್ನೆ ಎಲ್ಲಿಂದ ಬಂತೆಂದು ಇಲ್ಲಿ ಗೊತ್ತಾಗುತ್ತದೆ.

ಈಗಿನ ನಿಯಮ 2020ರದು. ಮಾನ್ಯತೆ ಇರುವ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಅದು ಹೇಳುತ್ತದೆ. ಮಾನ್ಯತೆ ಇರುವುದು ಕೋರ್ಸಿಗೆ ಮತ್ತು ಸಾಲಿಗೆ. ವಿಶ್ವವಿದ್ಯಾಲಯದ ಹೆಸರೊಂದೇ ಪಟ್ಟಿಯಲ್ಲಿದ್ದರೆ ಸಾಲದು. ನಿಮ್ಮ ಎಂಕಾಂ ಅಥವಾ ಎಂಬಿಎ ಈ ಜುಲೈ ಇಲ್ಲವೇ ಜನವರಿ ಸಾಲಿನ ಪಟ್ಟಿಯಲ್ಲಿ ಇರಬೇಕು. ಯುಜಿಸಿಯ ದೂರಶಿಕ್ಷಣ ಬ್ಯೂರೋ ತಾಣದಲ್ಲಿ ಅದನ್ನು ನೋಡಿ, ಆ ಪುಟವನ್ನು ಫೀಸು ಕಟ್ಟುವ ದಿನವೇ ತಾರೀಕು ಕಾಣುವಂತೆ ಪಿಡಿಎಫ್ ಮಾಡಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಪರಿಶೀಲನೆಗೆ ಕೂತಾಗ ಆ ಒಂದು ಹಾಳೆ ಬಹಳ ಕೆಲಸ ಮಾಡುತ್ತದೆ. ರಾಜ್ಯ ವಿಶ್ವವಿದ್ಯಾಲಯದ ದೂರಶಿಕ್ಷಣ ರಾಜ್ಯದ ಗಡಿಯೊಳಗೆ ಮಾತ್ರ. ಆನ್‌ಲೈನ್ ಪದವಿಗೆ ಆ ಗಡಿ ಇಲ್ಲ. ಮುಂಬೈನಲ್ಲೋ ಮಸ್ಕತ್‌ನಲ್ಲೋ ಇರುವ ಕನ್ನಡಿಗರು ಈ ವ್ಯತ್ಯಾಸ ನೋಡಿಕೊಂಡು ಸೇರಬೇಕು.

2024ರಿಂದ ಇನ್ನೊಂದು ಮೆಟ್ಟಿಲು ಬಂದಿದೆ. ಮೊದಲು ಡಿಜಿಲಾಕರ್ ಮೂಲಕ ಎಬಿಸಿ ಐಡಿ (ಓದಿನ ಕ್ರೆಡಿಟ್‌ಗಳ ಖಾತೆಯ ಸಂಖ್ಯೆ), ಅದನ್ನಿಟ್ಟುಕೊಂಡು ದೂರಶಿಕ್ಷಣ ಬ್ಯೂರೋದ ಡಿಇಬಿ ಐಡಿ, ಆಮೇಲೆ ಪ್ರವೇಶ. ಇಲ್ಲಿ ಎಡವುವುದು ಹೆಸರಿನಲ್ಲಿ. ಆಧಾರಿನಲ್ಲಿ 'ಮಂಜುನಾಥ ಕೆ', ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಕೆ. ಮಂಜುನಾಥ್', ಮದುವೆಯಾದ ಮೇಲೆ ಆಧಾರ್ ತಿದ್ದಿಸಿದ ಹೆಂಗಸರಿಗಂತೂ ಪೂರ್ತಿ ಬೇರೆ ಹೆಸರು. ಪ್ರವೇಶದ ಕೊನೆಯ ವಾರದಲ್ಲಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಒಂದೆರಡು ತಿಂಗಳು ಮೊದಲೇ ಆಧಾರನ್ನು ಅಂಕಪಟ್ಟಿಯ ಹೆಸರಿಗೆ ಹೊಂದಿಸಿಕೊಳ್ಳಿ.

ಕೆಲವು ಬಾಗಿಲುಗಳು ಮುಚ್ಚಿಯೇ ಇವೆ. ಎಂಜಿನಿಯರಿಂಗ್, ಕಾನೂನು, ನರ್ಸಿಂಗ್, ಫಾರ್ಮಸಿ ದೂರಶಿಕ್ಷಣದಲ್ಲಿ ಇಲ್ಲ. 2025ರಲ್ಲಿ ಮನಃಶಾಸ್ತ್ರವೂ ಆ ಪಟ್ಟಿಗೆ ಸೇರಿತು. ಹೆಚ್ಚು ಜನ ಮೋಸಹೋಗುವುದು ಬಿಎಡ್ ವಿಷಯದಲ್ಲಿ. 'ಮನೆಯಲ್ಲೇ ಕೂತು ಬಿಎಡ್ ಮಾಡಿ ಟೀಚರಾಗಿ' ಎನ್ನುವ ಜಾಹೀರಾತು ಬೇಕಾದಷ್ಟಿವೆ. ಆದರೆ ದೂರಶಿಕ್ಷಣದ ಬಿಎಡ್ ಇರುವುದು ಈಗಾಗಲೇ ತರಬೇತಿ ಪಡೆದವರಿಗೆ, ಮುಖ್ಯವಾಗಿ ಸೇವೆಯಲ್ಲಿರುವ ಶಿಕ್ಷಕರಿಗೆ. ಐಟಿ ಬಿಟ್ಟು ಮೇಷ್ಟ್ರಾಗಬೇಕೆಂದಿರುವವರು ಎರಡು ವರ್ಷ ಕಾಲೇಜಿಗೇ ಹೋಗಬೇಕು. ಹಾಗೆಯೇ ಮೂರು ವರ್ಷದ ಪದವಿ ಇಲ್ಲದೆ ನೇರವಾಗಿ ಎಂಎ ಮಾಡಿಕೊಂಡ ಹಳೆಯ ವಿದ್ಯಾರ್ಥಿಗಳ ಎಂಎ ನೌಕರಿಗೆ ನಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲೇ ಹೇಳಿದೆ.

ಪದವಿ ಬೇಡ, ಹೊಸ ವಿಷಯ ಕಲಿತ ಪುರಾವೆ ಸಾಕು ಎನ್ನುವವರಿಗೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠದ ತಾಣ ಎನ್‌ಪಿಟಿಇಎಲ್ ಒಳ್ಳೆಯ ಶುರುವಾತು. 4, 8 ಇಲ್ಲವೇ 12 ವಾರದ ಕೋರ್ಸು. ಪಾಠ ಪುಕ್ಕಟೆ, ಪರೀಕ್ಷೆಗೆ ಮಾತ್ರ ಶುಲ್ಕ. ಪ್ರಮಾಣಪತ್ರಕ್ಕೆ ವಾರದ ಅಸೈನ್‌ಮೆಂಟ್‌ಗಳಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30 ಬೇಕು. ಎರಡರಲ್ಲೂ ಬೇಕು, ಪರೀಕ್ಷೆಯಲ್ಲಿ 70 ತೆಗೆದರೂ ಅಸೈನ್‌ಮೆಂಟ್ ಕಳಿಸದಿದ್ದರೆ ಪತ್ರ ಸಿಗುವುದಿಲ್ಲ.

ಇಗ್ನೋದಲ್ಲೂ ಇದೇ ಕಥೆ. ಬಹುತೇಕ ಕೋರ್ಸ್‌ಗಳಲ್ಲಿ ಅಸೈನ್‌ಮೆಂಟಿಗೆ 30 ಭಾಗ, ಪರೀಕ್ಷೆಗೆ 70. ಕೈಬರಹದಲ್ಲಿ ಬರೆದು ಗಡುವಿನೊಳಗೆ ಸಲ್ಲಿಸದಿದ್ದರೆ ಪರೀಕ್ಷೆ ಪಾಸಾದರೂ ಆ ವಿಷಯ ಅಪೂರ್ಣವೆಂದೇ ಉಳಿಯುತ್ತದೆ. ದುಡಿಯುವವರು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲಿಯೇ: ಪರೀಕ್ಷೆಗೆ ಹೇಗೋ ಮೂರು ದಿನ ರಜೆ ಹಾಕುತ್ತಾರೆ, ಅಸೈನ್‌ಮೆಂಟಿಗೆ ಭಾನುವಾರ ಎತ್ತಿಡುವುದಿಲ್ಲ. ಸಲ್ಲಿಸಿದ ಮೇಲೆ ಸ್ವೀಕೃತಿಯ ಫೋಟೊ ತೆಗೆದಿಟ್ಟುಕೊಂಡಿರಿ. ಗ್ರೇಡ್ ಕಾರ್ಡಿನಲ್ಲಿ ಅಂಕ ಏರದಿದ್ದರೆ ಸ್ಟಡಿ ಸೆಂಟರಿನಲ್ಲಿ ತೋರಿಸಲು ಇರುವುದು ಅದೊಂದೇ.