ಎನಾಮಲ್ ಅಂದರೆ ಏನು? ಹಲ್ಲಿನ ಕವಚ, ಬಿಳುಪು ಮತ್ತು ಅಡುಗೆಮನೆಯ ಮದ್ದುಗಳು

ಎನಾಮಲ್ ಅನ್ನುವ ಪದ ನಮಗೆ ಎರಡು ಕಡೆ ಕಿವಿಗೆ ಬೀಳುತ್ತದೆ. ಒಂದು ಪೇಂಟ್ ಅಂಗಡಿಯಲ್ಲಿ, ಇನ್ನೊಂದು ಹಲ್ಲಿನ ಡಾಕ್ಟರ ಹತ್ತಿರ. ಬಾಗಿಲು, ಕಿಟಕಿ, ಗೇಟಿಗೆ ಹೊಡೆಯುವ ಎನಾಮಲ್ ಪೇಂಟ್ ಎಲ್ಲರಿಗೂ ಗೊತ್ತು. ಹಳೇದಾದರೆ ಉಪ್ಪುಕಾಗದ ಹಾಕಿ ಉಜ್ಜಿ, ಮೇಲೊಂದು ಕೋಟ್ ಹೊಡೆದರೆ ಮತ್ತೆ ಹೊಸ ಬಾಗಿಲು. ಹಲ್ಲಿನ ಎನಾಮಲ್ ಕೂಡ ಹಾಗೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಜ್ಜಿದಷ್ಟೂ ಬೆಳ್ಳಗಾಗುತ್ತದೆ, ಸವೆದರೆ ಏನಾದರೂ ಹಚ್ಚಿ ವಾಪಸ್ ತರಬಹುದು ಅಂತ. ಈ ಎರಡು ನಂಬಿಕೆಗಳಿಂದ ಹಾಳಾದ ಹಲ್ಲುಗಳು ಕಡಿಮೆಯಿಲ್ಲ.

ಕನ್ನಡದಲ್ಲಿ ಇದಕ್ಕೆ ದಂತಕವಚ ಅನ್ನುತ್ತಾರೆ. ನನಗೆ ಈ ಪದವೇ ಇಷ್ಟ. ನಮ್ಮ ಮೈಯಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ, ಮೂಳೆ ಕೂಡ ಇದರ ಮುಂದೆ ಮೆತ್ತಗೆ. ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 96 ಪಾಲು ಖನಿಜ, ಉಳಿದದ್ದು ನೀರು ಮತ್ತು ಒಂಚೂರು ಪ್ರೋಟೀನ್. ಆ ಖನಿಜದ ಹೆಸರು ಹೈಡ್ರಾಕ್ಸಿಅಪಟೈಟ್, ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳು. ದವಡೆ ಹಲ್ಲಿನ ತುದಿಯಲ್ಲಿ ಈ ಕವಚ ಎರಡು, ಎರಡೂವರೆ ಮಿಲಿಮೀಟರ್ ದಪ್ಪ ಇರುತ್ತದೆ. ಒಸಡಿನ ಹತ್ತಿರ ಬರುತ್ತಾ ಬರುತ್ತಾ ತೀರಾ ತೆಳುವಾಗುತ್ತದೆ.

ಇಷ್ಟು ಗಟ್ಟಿಯಾದದ್ದಕ್ಕೆ ಒಂದೇ ಒಂದು ಕೊರತೆ. ಅದರಲ್ಲಿ ಜೀವ ಇಲ್ಲ. ಕವಚ ಕಟ್ಟುವ ಜೀವಕೋಶಗಳು ಹಲ್ಲು ಇನ್ನೂ ಒಸಡಿನೊಳಗೆ ಇರುವಾಗಲೇ ಕೆಲಸ ಮುಗಿಸುತ್ತವೆ. ಹಲ್ಲು ಹೊರಗೆ ಬರುವ ಹೊತ್ತಿಗೆ ಅವು ಉಳಿದಿರುವುದಿಲ್ಲ. ಮಗುವಿಗೆ ಆರು ವರ್ಷ ಆದಾಗ ಹಿಂದೆ ಮೂಡುವ ದವಡೆ ಹಲ್ಲು ಇದೆಯಲ್ಲ, ಅದರ ಎನಾಮಲ್ ಮೂರು ವರ್ಷ ತುಂಬುವಷ್ಟರಲ್ಲೇ ತಯಾರಾಗಿರುತ್ತದೆ. ಅರವತ್ತು ದಾಟಿದ ಮೇಲೂ ನಾವು ಅಗಿಯುವುದು ಆ ಮೂರು ವರ್ಷದ ಮಗು ಕಟ್ಟಿಕೊಂಡ ಕವಚದಲ್ಲೇ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಸುಲಿದರೆ ಬೆಳೆಯುತ್ತದೆ. ಎನಾಮಲ್ ಚೂರು ಹೋದರೆ ಹೋಯಿತು.

ಈಗ ಬಣ್ಣದ ವಿಷಯ. ಕಿಟಕಿ ಬೆಳಕಿಗೆ ಮುಖ ಮಾಡಿ, ಕನ್ನಡಿಯಲ್ಲಿ ಮುಂದಿನ ಎರಡು ಹಲ್ಲುಗಳನ್ನು ನೋಡಿ. ಕಚ್ಚುವ ಅಂಚಿನಲ್ಲಿ ಸಣ್ಣ ಗೆರೆಯಷ್ಟು ಜಾಗ ಸ್ವಲ್ಪ ನೀಲಿ ಬೂದು ಬಣ್ಣಕ್ಕೆ, ಗಾಜಿನ ಥರ ಕಾಣುತ್ತದೆ. ಅದು ಬರೀ ಎನಾಮಲ್, ಅದರ ಹಿಂದೆ ಬೇರೇನೂ ಇಲ್ಲ. ಹಾಗೇ ಕಣ್ಣು ಮೇಲಕ್ಕೆ ಒಯ್ಯಿರಿ. ಒಸಡಿನ ಹತ್ತಿರ ಹಲ್ಲು ಹಳದಿಗೆ ತಿರುಗಿರುತ್ತದೆ. ಅಲ್ಲಿ ಕವಚ ತೆಳು, ಒಳಗಿನ ಡೆಂಟಿನ್ ಅನ್ನುವ ಪದರ ಹಾದು ಕಾಣುತ್ತದೆ. ಡೆಂಟಿನ್‌ನ ಹುಟ್ಟುಬಣ್ಣವೇ ತಿಳಿ ಹಳದಿ. ಅಂದರೆ ಹಲ್ಲು ಸ್ವಲ್ಪ ಹಳದಿ ಇರುವುದು ಸಹಜ, ಅದು ಕೊಳೆ ಅಲ್ಲ.

ಇಷ್ಟು ಗೊತ್ತಾದರೆ ಮುಂದಿನದ್ದು ಸುಲಭ. ಬೆಳ್ಳಗೆ ಮಾಡಲು ಹೋಗಿ ಕವಚ ಸವೆಸಿದರೆ ಒಳಗಿನ ಹಳದಿ ಇನ್ನಷ್ಟು ಎದ್ದು ಕಾಣುತ್ತದೆ. ಆಗ ಇನ್ನೂ ಜೋರಾಗಿ ಉಜ್ಜುತ್ತೇವೆ. ಇನ್ನೂ ಹಳದಿ.

ನಾನು ಇದನ್ನು ಅನುಭವಿಸಿ ಕಲಿತೆ. ಅಕ್ಕನ ಮದುವೆಗೆ ಹತ್ತು ದಿನ ಇತ್ತು. ಯಾರೋ ಹೇಳಿದರು, ನಿಂಬೆಹೋಳಿಗೆ ಉಪ್ಪು ಅದ್ದಿ ಉಜ್ಜು ಅಂತ. ದಿನಾ ಬೆಳಿಗ್ಗೆ ಉಜ್ಜಿದೆ. ಮೂರನೇ ದಿನಕ್ಕೆ ಹಲ್ಲು ನಿಜಕ್ಕೂ ಬೆಳ್ಳಗೆ ಕಂಡಿತು, ಖುಷಿಯೂ ಆಯಿತು. ಮದುವೆ ಊಟದಲ್ಲಿ ಐಸ್‌ಕ್ರೀಮ್ ಬಾಯಿಗಿಟ್ಟಾಗ ಹಲ್ಲು ಜುಮ್ ಅಂದು ಕಣ್ಣಲ್ಲಿ ನೀರು ಬಂತು. ಆ ಜುಮ್ ಅನ್ನುವುದು ಹೋಗಲು ತಿಂಗಳುಗಳೇ ಹಿಡಿದವು.

ಆದದ್ದು ಇಷ್ಟು. ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನ ಖನಿಜ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರ ಆಸುಪಾಸು. ಕಡಪ ಕಲ್ಲಿನ ಅಡುಗೆಕಟ್ಟೆ ಇರುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಪಾಲಿಶ್ ಇರುವ ಕಲ್ಲಿನ ಮೇಲೆ ನಿಂಬೆಹೋಳು ಮರೆತು ಬಿಟ್ಟರೆ, ಅಲ್ಲಿ ಹೊಳಪು ಹೋಗಿ ಬೆಳ್ಳನೆ ಕಲೆ ಬೀಳುತ್ತದೆ. ಒರೆಸಿದರೆ ಹೋಗಲ್ಲ, ಯಾಕೆಂದರೆ ಅಲ್ಲಿ ಮೇಲೆ ಕೂತ ಕಲೆ ಏನೂ ಇಲ್ಲ, ಕಲ್ಲೇ ಕರಗಿದೆ. ನನ್ನ ಹಲ್ಲು ಬೆಳ್ಳಗೆ ಕಂಡಿದ್ದೂ ಹಾಗೇ. ಮೇಲಿನ ಟೀ ಕಲೆ ಹೋಗಿತ್ತು, ಜೊತೆಗೆ ಕವಚದ ಮೇಲ್ಮೈ ಮೆತ್ತಗಾಗಿತ್ತು. ಆ ಮೆತ್ತಗಾದ ಮೇಲ್ಮೈಯನ್ನೇ ನಾನು ಉಪ್ಪಿನಲ್ಲಿ ತಿಕ್ಕಿದ್ದೆ. ಆಪಲ್ ಸೈಡರ್ ವಿನೆಗರ್ ಮುಕ್ಕಳಿಸುವವರಿಗೂ, ಹುಣಸೆಹಣ್ಣು ಹಚ್ಚುವವರಿಗೂ ಇದೇ ಮಾತು. ದಯವಿಟ್ಟು ಮಾಡಬೇಡಿ.

ಇನ್ನು ಇದ್ದಿಲು, ಬೂದಿ, ಇಟ್ಟಿಗೆಪುಡಿ. ನಮ್ಮ ಅಜ್ಜಿ ಒಲೆಯ ಬದಿಯಿಂದ ಒಂದು ತುಂಡು ಇದ್ದಿಲು ತೆಗೆದುಕೊಂಡು, ಅಂಗೈಯಲ್ಲೇ ಪುಡಿ ಮಾಡಿ, ಚಿಟಿಕೆ ಉಪ್ಪು ಸೇರಿಸಿ, ತೋರುಬೆರಳಲ್ಲಿ ಹಲ್ಲು ತಿಕ್ಕುತ್ತಿದ್ದರು. ಬೆರಳು ಮೆತ್ತಗೆ, ಬ್ರಷ್‌ನಷ್ಟು ಒತ್ತಡ ಬೀಳುವುದಿಲ್ಲ. ಅದೇ ಪುಡಿಯನ್ನು ಗಟ್ಟಿ ಬ್ರಷ್‌ಗೆ ಹಾಕಿ ದಿನಕ್ಕೆರಡು ಸಲ ಉಜ್ಜಿದರೆ ಕಥೆ ಬೇರೆ. ಇಟ್ಟಿಗೆಪುಡಿ, ಮರಳು ಇವುಗಳಲ್ಲಿ ಇರುವ ಕ್ವಾರ್ಟ್ಸ್ ಎನಾಮಲ್‌ಗಿಂತ ಗಟ್ಟಿ, ಹಲ್ಲನ್ನು ಗೀರುತ್ತದೆ. ಕ್ವಾರ್ಟ್ಸ್ ಅಂದರೆ ಸಿಲಿಕಾದ ಹರಳು, ಭತ್ತದ ಹೊಟ್ಟಿನ ಬೂದಿಯಲ್ಲೂ ಸಿಲಿಕಾ ಜಾಸ್ತಿ. ಈಗ ಇದ್ದಿಲಿನ ಪೇಸ್ಟ್‌ಗಳು ಕಪ್ಪು ಟ್ಯೂಬಿನಲ್ಲಿ ಫ್ಯಾಷನ್ ಆಗಿ ವಾಪಸ್ ಬಂದಿವೆ. ಅವುಗಳ ಮೇಲೆ ಅಲ್ಲಿಯವರೆಗೆ ಆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದ ಒಂದು ಲೇಖನ 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂತು. ಬೆಳ್ಳಗಾಗುತ್ತದೆ ಅನ್ನಲಿಕ್ಕಾಗಲಿ, ಸುರಕ್ಷಿತ ಅನ್ನಲಿಕ್ಕಾಗಲಿ ಸಾಕಷ್ಟು ಆಧಾರ ಇಲ್ಲ ಅನ್ನುವುದೇ ಅದರ ತೀರ್ಮಾನ.

ಅಡುಗೆ ಸೋಡಾ ಇವುಗಳಲ್ಲೆಲ್ಲ ಸಾಧು. ಹರಳು ಮೆತ್ತಗೆ, ಬಾಯಲ್ಲಿ ಬೇಗ ಕರಗುತ್ತದೆ, ಹುಳಿಯನ್ನು ತಗ್ಗಿಸುತ್ತದೆ. ಟೀ, ಕಾಫಿ, ಎಲೆಅಡಿಕೆಯ ಮೇಲುಕಲೆಯನ್ನು ಸ್ವಲ್ಪ ತೆಗೆಯುತ್ತದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ, ಪೇಸ್ಟ್ ಬಿಟ್ಟು ಬರೀ ಅದನ್ನೇ ಬಳಸುವುದೂ ಬೇಡ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ಪಾಚಿ ತೆಗೆಯುತ್ತವೆ, ಅಗಿಯುವಾಗ ಬಾಯಲ್ಲಿ ಜೊಲ್ಲು ಚೆನ್ನಾಗಿ ಬರುತ್ತದೆ. ತುದಿ ಚೆನ್ನಾಗಿ ಅಗಿದು ನಾರು ಮಾಡಿಕೊಂಡು ಮೆಲ್ಲಗೆ ಉಜ್ಜಿದರೆ ಒಸಡಿಗೂ ತೊಂದರೆ ಇಲ್ಲ. ಎಣ್ಣೆ ಮುಕ್ಕಳಿಸುವುದು ಹಳೇ ರೂಢಿ, ಚರಕ ಸಂಹಿತೆಯಲ್ಲೇ ಇದೆ. ಬಾಯಿ ಹಗುರ ಅನ್ನಿಸುತ್ತದೆ, ಹಲ್ಲಿನ ಬಣ್ಣ ಅದರಿಂದ ಬದಲಾಗುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಉಜ್ಜುವುದು ಸುಮ್ನೆ ಶ್ರಮ. ಡಾಕ್ಟರು ಮಾಡುವ ಬ್ಲೀಚಿಂಗ್ ದಾರಿಯೇ ಬೇರೆ. ಅದರಲ್ಲಿ ಪೆರಾಕ್ಸೈಡ್ ಕವಚದ ಮೂಲಕ ಒಳಗೆ ಇಳಿದು ಅಲ್ಲಿನ ಬಣ್ಣವನ್ನು ಒಡೆಯುತ್ತದೆ.

ಹಾಗಾದರೆ 'ಎನಾಮಲ್ ಮರಳಿ ಪಡೆಯುವುದು' ಅನ್ನುವ ಮಾತು ಪೂರ್ತಿ ಸುಳ್ಳಾ? ಪೂರ್ತಿ ಅಲ್ಲ. ಚೂರು ಕಳಚಿದ, ಗುಳಿ ಬಿದ್ದ ಕವಚ ಬರುವುದಿಲ್ಲ. ಆದರೆ ಖನಿಜ ಸೋರಿ ಬರೀ ಮೆತ್ತಗಾಗಿರುವ ಕವಚಕ್ಕೆ ಖನಿಜವನ್ನು ಮತ್ತೆ ತುಂಬಿಸಬಹುದು. ಹುಳುಕು ಶುರುವಾಗುವ ಜಾಗದಲ್ಲಿ ಮೊದಲು ಕಾಣುವುದು ಕಪ್ಪು ಕಲೆ ಅಲ್ಲ, ಸುಣ್ಣ ಬಳಿದಂಥ ಬಿಳಿ ಮಚ್ಚೆ. ಹೌದು, ಇಲ್ಲಿ ಬಿಳುಪೇ ಅಪಾಯದ ಗುರುತು. ಈ ಹಂತದಲ್ಲಿ ನೋಡಿಕೊಂಡರೆ ಕೊರೆಯುವ, ತುಂಬಿಸುವ ಕೆಲಸವೇ ಬೇಡ.

ತುಂಬಿಸುವ ಕೆಲಸ ಮುಖ್ಯವಾಗಿ ಮಾಡುವುದು ನಮ್ಮ ಜೊಲ್ಲು. ನೈಸರ್ಗಿಕ ವಸ್ತು ಅಂತ ಹುಡುಕುವವರು ಮೊದಲು ನೋಡಬೇಕಾದದ್ದು ಇದನ್ನೇ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ, ಅದರಲ್ಲಿ ಕ್ಯಾಲ್ಸಿಯಂ ಇದೆ, ಫಾಸ್ಫೇಟ್ ಇದೆ. ಹುಳಿ, ಸಿಹಿ ತಿಂದ ಮೇಲೆ ಬಾಯಿಯನ್ನು ಹದಕ್ಕೆ ತಂದು, ಕಳೆದ ಖನಿಜವನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ನಾವು ಅರ್ಧ ಗಂಟೆಗೊಮ್ಮೆ ಬಿಸ್ಕತ್ತು, ಸಕ್ಕರೆ ಹಾಕಿದ ಕಾಫಿ ಅಂತ ಬಾಯಾಡಿಸುತ್ತಿದ್ದರೆ ಅದಕ್ಕೆ ಸಮಯವೇ ಸಿಗಲ್ಲ. ರಾತ್ರಿ ಜೊಲ್ಲು ತೀರಾ ಕಡಿಮೆ, ಅದಕ್ಕೇ ಮಲಗುವ ಮುಂಚೆ ಹಲ್ಲುಜ್ಜುವುದು ಬೆಳಗಿನದಕ್ಕಿಂತ ಮುಖ್ಯ. ನಿಂಬೆ ಜ್ಯೂಸ್ ಕುಡಿದರೆ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ.

ಹಾಲಿಗೂ ಇಲ್ಲಿ ಪಾಲಿದೆ. ಹಾಲಿನ ಕೇಸಿನ್ ಪ್ರೋಟೀನ್‌ಗೆ ಕ್ಯಾಲ್ಸಿಯಂ, ಫಾಸ್ಫೇಟ್ ಹಿಡಿದಿಟ್ಟುಕೊಳ್ಳುವ ಗುಣ ಇದೆ. ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಅದರಿಂದಲೇ ಹಲ್ಲಿಗೆ ಹಚ್ಚುವ ಪದಾರ್ಥ ತಯಾರಿಸಿದರು, ಡಾಕ್ಟರುಗಳು ಈಗಲೂ ಬರೆದುಕೊಡುತ್ತಾರೆ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮಕ್ಕಳ ಹಲ್ಲು ಕಟ್ಟುವ ವಯಸ್ಸಿನಲ್ಲಿ ಒಳ್ಳೇದು. ದೊಡ್ಡವರು ಮುದ್ದೆ ತಿಂದರೆ ಮೂಳೆಗೆ ಲಾಭ, ಹೊರಗೆ ಬಂದ ಹಲ್ಲಿನ ಕವಚಕ್ಕೆ ಅದು ತಲುಪುವುದಿಲ್ಲ. ಮೊಟ್ಟೆಚಿಪ್ಪಿನ ಪುಡಿ ಉಜ್ಜಿದರೆ ಕ್ಯಾಲ್ಸಿಯಂ ನೇರ ಹಲ್ಲಿಗೆ ಸೇರುತ್ತದೆ ಅನ್ನುವುದೂ ನಂಬುವ ಮಾತಲ್ಲ.

ಪೇಸ್ಟಿನಲ್ಲಿ ಇರುವ ಫ್ಲೋರೈಡ್ ಈ ಖನಿಜ ತುಂಬುವ ಕೆಲಸಕ್ಕೆ ವೇಗ ಕೊಡುತ್ತದೆ. ಹಾಗೆ ತುಂಬಿದ ಹರಳು ಮೊದಲಿಗಿಂತ ಹುಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಇದೇ ಫ್ಲೋರೈಡ್ ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನಲ್ಲಿ ಬಂಡೆಯಿಂದ ತಾನಾಗಿಯೇ ಕರಗಿ ಬರುತ್ತದೆ. ಪೂರ್ತಿ ನೈಸರ್ಗಿಕ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ ಮಗು ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದರೆ ಕವಚ ಸರಿಯಾಗಿ ಕಟ್ಟುವುದಿಲ್ಲ. ಹಲ್ಲು ಹುಟ್ಟುವಾಗಲೇ ಬಿಳಿ ಪಟ್ಟೆ ಇರುತ್ತದೆ, ಆಮೇಲೆ ಅದೇ ಕಂದು ಬಣ್ಣಕ್ಕೆ ತಿರುಗುತ್ತದೆ.

ಆ ಕಡೆಯ ಹುಡುಗಿಯೊಬ್ಬಳು ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲಿದ್ದಳು. ನಗುವಾಗ ಕೈ ತಾನಾಗಿಯೇ ಬಾಯಿಗೆ ಅಡ್ಡ ಬರುತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಕೈಗೆ ಸಿಕ್ಕ ಪುಡಿಗಳನ್ನೆಲ್ಲ ಹಾಕಿ, ಒಸಡಿನಲ್ಲಿ ರಕ್ತ ಬರುವವರೆಗೆ ಉಜ್ಜುತ್ತಿದ್ದಳು. ಆ ಕಲೆ ಕವಚದ ಒಳಗೇ ಇದೆ, ಉಜ್ಜಿದರೆ ಹೋಗುವುದಲ್ಲ, ನೀನು ಕೊಳಕಾಗಿ ಇದ್ದದ್ದಕ್ಕೆ ಬಂದದ್ದೂ ಅಲ್ಲ ಅಂತ ಅವಳಿಗೆ ಹೇಳುವಷ್ಟು ನನಗೆ ಆಗ ಗೊತ್ತಿರಲಿಲ್ಲ. ಇಂಥ ಕಲೆಗೆ ಡಾಕ್ಟರ ಹತ್ತಿರ ದಾರಿಗಳಿವೆ. ನಿಮ್ಮ ಮನೆಯಲ್ಲಿ, ತರಗತಿಯಲ್ಲಿ ಅಂಥ ಮಗು ಇದ್ದರೆ ಕೈಗೆ ಇಟ್ಟಿಗೆಪುಡಿ ಕೊಡಬೇಡಿ. ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ.