ಮ್ಯಾಕ್ಯುಲಾ ಕಾಯಿಲೆ: ತಡ ಎಲ್ಲೆಲ್ಲಿ ಅಡಗಿರುತ್ತದೆ

ಅರವತ್ತು ದಾಟಿದವರ ಕಣ್ಣು ಮಂಜಾದರೆ "ಪೊರೆ ಬಂದಿರಬೇಕು, ಬಲಿಯಲಿ, ಆಮೇಲೆ ತೆಗೆಸಿದರಾಯ್ತು" ಅನ್ನುವುದು ನಮ್ಮ ಮನೆಗಳ ರೂಢಿಯ ಮಾತು. ಪೊರೆಗೆ ಆ ಮಾತು ಸಾಮಾನ್ಯವಾಗಿ ನಡೆದೀತು. ಆರು ತಿಂಗಳು ತಡವಾಗಿ ತೆಗೆಸಿದರೂ ನೋಟ ಮರಳುತ್ತದೆ. ಮ್ಯಾಕ್ಯುಲಾಕ್ಕೆ ನಡೆಯುವುದಿಲ್ಲ. ಅಲ್ಲಿ ಕೆಲವು ವಾರಗಳಲ್ಲೇ ಗಾಯದ ಕಲೆ ಕಟ್ಟಿಬಿಡಬಹುದು, ಕಲೆಯಾದ ಜಾಗದಲ್ಲಿ ನೋಟ ಮತ್ತೆ ಹುಟ್ಟುವುದಿಲ್ಲ. ಈ ಟಿಪ್ಪಣಿಯಲ್ಲಿ ಕಾಯಿಲೆಯ ವಿವರ ಎಷ್ಟಿದೆಯೋ, ದಿನಗಳು ಸೋರಿಹೋಗುವ ಜಾಗಗಳ ವಿವರವೂ ಅಷ್ಟೇ ಇದೆ. ಪರೀಕ್ಷೆಗೆ ಓದುವವರಿಗೂ ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರಿಗೂ ಎರಡನೆಯದು ಹೆಚ್ಚು ಬೇಕಾಗುತ್ತದೆ.

ಮ್ಯಾಕ್ಯುಲಾ ಅಂದರೆ ರೆಟಿನಾದ (ಕಣ್ಣಿನ ಹಿಂಬದಿಯಲ್ಲಿ ಚಿತ್ರ ಬೀಳುವ ಪರದೆಯ) ನಡುವಿನ, ಸುಮಾರು 5.5 ಮಿ.ಮೀ. ಅಗಲದ ಜಾಗ. ಅದರ ಮಧ್ಯದ 1.5 ಮಿ.ಮೀ. ಗುಳಿಯೇ ಫೋವಿಯಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು, ಬಣ್ಣ ತಿಳಿಯುವುದು ಇವೆಲ್ಲ ಮುಖ್ಯವಾಗಿ ಈ ಚೂರಿನ ಕೆಲಸ. ಸುತ್ತಲಿನ ರೆಟಿನಾ ಚೆನ್ನಾಗಿದ್ದರೆ ಓಡಾಟಕ್ಕೆ ಅಷ್ಟಾಗಿ ತೊಡಕಿಲ್ಲ. ಅದಕ್ಕೇ ಮನೆಯವರಿಗೆ ಅನುಮಾನ: "ಮೂಲೆಯಲ್ಲಿ ಬಿದ್ದ ಕಾಸು ಕಾಣುತ್ತೆ, ಎದುರಿಗೆ ನಿಂತ ನಾನು ಕಾಣಲ್ವಾ?" ಎರಡೂ ನಿಜ. ಓರೆಯ ನೋಟ ಉಳಿದಿದೆ, ನೇರ ನೋಟ ಹೋಗಿದೆ.

ವಯಸ್ಸಿನಿಂದ ಬರುವ ಬಗೆಯಲ್ಲಿ ಒಣ ಮತ್ತು ಒದ್ದೆ ಎಂದು ಎರಡು. ಒಣ ಬಗೆಯಲ್ಲಿ ರೆಟಿನಾದ ಅಡಿಯಲ್ಲಿ ಡ್ರೂಸನ್ ಎಂಬ ಹಳದಿ ಕಣಗಳು ಕೂರುತ್ತವೆ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಒದ್ದೆ ಬಗೆಯಲ್ಲಿ ಹೊಸ ರಕ್ತನಾಳಗಳು ಅಡಿಯಿಂದ ನುಗ್ಗಿ ದ್ರವವನ್ನೋ ರಕ್ತವನ್ನೋ ಸೋರಿಸುತ್ತವೆ. ಇಲ್ಲಿ ಲೆಕ್ಕ ದಿನಗಳದ್ದು. ಒಣ ಬಗೆ ಯಾವಾಗ ಬೇಕಾದರೂ ಒದ್ದೆಯಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಮ್ಯಾಕ್ಯುಲಾದಲ್ಲಿ ನೀರು ತುಂಬುವುದು ಬೇರೆ ಕಾಯಿಲೆ, ಆದರೆ ಚಿಕಿತ್ಸೆ ಬಹುಪಾಲು ಒದ್ದೆ ಬಗೆಗೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್ನೇ. ಮೂವತ್ತರಿಂದ ಐವತ್ತರ ಗಂಡಸರಲ್ಲಿ ಸ್ಟೆರಾಯ್ಡ್ ಮಾತ್ರೆ, ಮುಲಾಮು, ಇನ್‌ಹೇಲರ್ ಬಳಕೆಯೊಂದಿಗೆ ಕಾಣಿಸುವ, ಮ್ಯಾಕ್ಯುಲಾದ ಅಡಿ ನೀರು ಕಟ್ಟುವ ಸೆಂಟ್ರಲ್ ಸೀರಸ್ ಎಂಬುದು ಹೆಚ್ಚಾಗಿ ಮೂರು ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ. ಶಾಲೆಯ ವಯಸ್ಸಿನಲ್ಲಿ ಶುರುವಾಗುವ ಸ್ಟಾರ್ಗಾರ್ಟ್ ಎಂಬ ಮ್ಯಾಕ್ಯುಲಾ ಕಾಯಿಲೆ ವಂಶವಾಹಿಯಿಂದ ಬರುವಂಥದು. ಆ ಮಕ್ಕಳಿಗೆ "ಕಣ್ಣಿಗೆ ಒಳ್ಳೆಯದು" ಎಂದು ವಿಟಮಿನ್ ಎ ಮಾತ್ರೆ ಕೊಡಬಾರದು. ಕೀಲುವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು, ಅದು ಮ್ಯಾಕ್ಯುಲಾವನ್ನು ಕೆಡಿಸಬಹುದಾದ್ದರಿಂದ, ದಿನದ ಪ್ರಮಾಣ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಮೀರದಂತೆ ನೋಡಿಕೊಳ್ಳಬೇಕು: 60 ಕಿಲೋ ತೂಕಕ್ಕೆ 300 ಮಿ.ಗ್ರಾಂ. ಔಷಧಿ ಶುರುವಾದಾಗ ಒಮ್ಮೆ ಕಣ್ಣು ತೋರಿಸಿ, ಐದು ವರ್ಷದ ನಂತರ ಪ್ರತಿ ವರ್ಷ ತೋರಿಸಬೇಕು.

ಮೊದಲ ತಡ: ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಡುತ್ತದೆ

ಎರಡೂ ಕಣ್ಣು ತೆರೆದಿದ್ದಾಗ ಮಿದುಳು ಒಳ್ಳೆಯ ಕಣ್ಣಿನ ಚಿತ್ರವನ್ನೇ ನೆಚ್ಚಿಕೊಳ್ಳುತ್ತದೆ. ಇನ್ನೊಂದರಲ್ಲಿ ಏನಾಗುತ್ತಿದೆ ಎಂಬುದು ತಿಂಗಳುಗಟ್ಟಲೆ ತಿಳಿಯದೆ ಹೋಗಬಹುದು. ಆದ್ದರಿಂದ ಒಂದೊಂದೇ ಕಣ್ಣು ಮುಚ್ಚಿ ನೋಡುವುದು ಅಭ್ಯಾಸವಾಗಬೇಕು. ಬಾಗಿಲ ಚೌಕಟ್ಟು, ಕಿಟಕಿಯ ಸರಳು, ಸ್ನಾನದ ಮನೆಯ ಟೈಲ್ಸ್ ಗೆರೆ ಇವು ಡೊಂಕಾಗಿ ಕಂಡರೆ ಒದ್ದೆ ಬಗೆಯ ಅನುಮಾನ. ಪೊರೆ ಗೆರೆಯನ್ನು ಮಸುಕು ಮಾಡುತ್ತದೆ, ಬಾಗಿಸುವುದಿಲ್ಲ.

ಆಮ್ಸ್ಲರ್ ಚೌಕವನ್ನು ಮನೆಯಲ್ಲೇ ಬರೆಯಬಹುದು. ಬಿಳಿ ಹಾಳೆಯಲ್ಲಿ 10 ಸೆಂ.ಮೀ. ಚೌಕ, ಒಳಗೆ 5 ಮಿ.ಮೀ. ಅಂತರದಲ್ಲಿ ಉದ್ದಡ್ಡ ಗೆರೆ, ನಡುವೆ ದಪ್ಪ ಚುಕ್ಕಿ. ಓದುವ ಕನ್ನಡಕ ಹಾಕಿ, 30 ಸೆಂ.ಮೀ. ದೂರ ಹಿಡಿದು, ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಚುಕ್ಕಿಯನ್ನೇ ನೋಡಬೇಕು. ಗೆರೆ ಅಲೆಯಾಯಿತೇ, ಯಾವುದಾದರೂ ಚೌಕ ಮಾಯವಾಯಿತೇ, ಎಲ್ಲಾದರೂ ಬೂದಿ ಬಣ್ಣದ ಕಲೆಯಿದೆಯೇ? ಕಂಡದ್ದನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿ ತಾರೀಖು ಬರೆಯಿರಿ. ತಪ್ಪಾಗುವುದು ಹೆಚ್ಚಾಗಿ ಒಂದೇ ಕಡೆ: ಕಣ್ಣು ಚುಕ್ಕಿ ಬಿಟ್ಟು ಗೆರೆಗಳ ಮೇಲೆ ಓಡಾಡುತ್ತದೆ, ಆಗ ಎಲ್ಲ ಗೆರೆಯೂ ನೆಟ್ಟಗೇ ಕಾಣುತ್ತದೆ. ಇನ್ನೊಂದು ಮಾತು: ಚೌಕ ಸರಿಯಾಗಿ ಕಂಡ ಮಾತ್ರಕ್ಕೆ ತಪಾಸಣೆಯ ತಾರೀಖು ಮುಂದೂಡಬೇಡಿ.

ಹೊಸದಾಗಿ ಡೊಂಕು ಕಂಡರೆ ಕನ್ನಡಕದ ಅಂಗಡಿಗಲ್ಲ, ಅದೇ ವಾರ ರೆಟಿನಾ ತಜ್ಞರಲ್ಲಿಗೆ. ಬೆಂಗಳೂರಿನಲ್ಲಿ 1896ರಲ್ಲಿ ಶುರುವಾದ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆ ಚಾಮರಾಜಪೇಟೆಯಲ್ಲಿದೆ, ಕೆ.ಆರ್. ಮಾರುಕಟ್ಟೆ ಮೆಟ್ರೋ ನಿಲ್ದಾಣಕ್ಕೆ ಹತ್ತಿರ. ನಾರಾಯಣ ನೇತ್ರಾಲಯ, ಶಂಕರ ಕಣ್ಣಿನ ಆಸ್ಪತ್ರೆಯಂಥ ಕಡೆಯೂ ರೆಟಿನಾ ವಿಭಾಗಗಳಿವೆ. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ನೋಟ ಮಬ್ಬಾಗಿರುತ್ತದೆ. ಸ್ಕೂಟರಿನಲ್ಲಿ ಒಬ್ಬರೇ ಹೋಗಬೇಡಿ, ಕಪ್ಪು ಕನ್ನಡಕ ಇಟ್ಟುಕೊಳ್ಳಿ. ರೆಟಿನಾದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಓ.ಸಿ.ಟಿ. ಸ್ಕ್ಯಾನ್ ಕಣ್ಣನ್ನು ಮುಟ್ಟುವುದೇ ಇಲ್ಲ, ಕೆಲವೇ ನಿಮಿಷದ ಕೆಲಸ. ಅದರ ಪ್ರತಿಯನ್ನು ಪ್ರತಿ ಸಲ ಕೇಳಿ ಪಡೆಯಿರಿ, ಏಕೆಂದರೆ ಮುಂದಿನ ತೀರ್ಮಾನವೆಲ್ಲ ಹಿಂದಿನ ಸ್ಕ್ಯಾನ್ ಜೊತೆ ಹೋಲಿಸಿದಾಗಲೇ ಆಗುವುದು. ಕೈಯ ನರಕ್ಕೆ ಬಣ್ಣ ಚುಚ್ಚಿ ತೆಗೆಯುವ ಆಂಜಿಯೋಗ್ರಾಂ ಮಾಡಿಸಿದರೆ ಒಂದು ದಿನ ಮೂತ್ರ ಕಡು ಹಳದಿಯಾಗುತ್ತದೆ, ಗಾಬರಿ ಬೇಡ.

ಇಂಜೆಕ್ಷನ್, ಮತ್ತು ಎರಡು ಇಂಜೆಕ್ಷನ್ ನಡುವಿನ ತಡ

"ಕಣ್ಣಿಗೇ ಸೂಜಿಯಾ?" ಎಂಬ ಭಯಕ್ಕೆ ಉತ್ತರ ಹಂತ ಹಂತವಾಗಿ ಹೇಳಿದರೆ ಭಯ ಅರ್ಧ ಇಳಿಯುತ್ತದೆ. ಮರಗಟ್ಟುವ ಹನಿ ಹಾಕುತ್ತಾರೆ. ಶೇ. 5ರ ಪೊವಿಡೋನ್ ಅಯೋಡಿನ್‌ನಿಂದ ಕಣ್ಣು ತೊಳೆಯುತ್ತಾರೆ. ರೆಪ್ಪೆ ಮುಚ್ಚದಂತೆ ಚಿಕ್ಕ ಕ್ಲಿಪ್ ಹಾಕುತ್ತಾರೆ. ಕರಿಗುಡ್ಡೆಯ ಅಂಚಿನಿಂದ 3.5ರಿಂದ 4 ಮಿ.ಮೀ. ಹಿಂದೆ, ಬಿಳಿಯ ಭಾಗದಲ್ಲಿ ಸಣ್ಣ ಸೂಜಿ ಇಳಿಯುತ್ತದೆ. ಔಷಧಿ ಸಾಮಾನ್ಯವಾಗಿ 0.05 ಮಿ.ಲೀ. ಮಾತ್ರ. ಚುಚ್ಚುವುದು ಕ್ಷಣದ ಮಾತು. ಅಂದು ಸಂಜೆ ಉರಿಯುವುದು ಹೆಚ್ಚಾಗಿ ಅಯೋಡಿನ್‌ನಿಂದ, ಸೂಜಿಯಿಂದಲ್ಲ. ಬಿಳಿಯ ಮೇಲೆ ರಕ್ತದ ಕೆಂಪು ಮಚ್ಚೆ ಬಂದರೆ ಒಂದೆರಡು ವಾರದಲ್ಲಿ ಹೋಗುತ್ತದೆ. ದುಂಡಗಿನ ಕಪ್ಪು ಗುಳ್ಳೆ ಒಂದೆರಡು ದಿನ ತೇಲಿದರೂ ತೊಂದರೆಯಿಲ್ಲ. ಆದರೆ ಮುಂದಿನ ದಿನಗಳಲ್ಲಿ ನೋವು ಏರುತ್ತಾ, ಕಣ್ಣು ಕೆಂಪಾಗುತ್ತಾ, ನೋಟ ಇಳಿಯುತ್ತಾ ಬಂದರೆ ಅದು ಒಳಗಿನ ಸೋಂಕಿರಬಹುದು. ಭಾನುವಾರವಾದರೂ, ಹಬ್ಬವಾದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇತ್ತೀಚೆಗೆ ಹೃದಯಾಘಾತವೋ ಲಕ್ವವೋ ಆಗಿದ್ದರೆ ಚುಚ್ಚುವ ಮೊದಲೇ ಹೇಳಬೇಕು.

ಔಷಧಿಗಳು: ಬೆವಾಸಿಜುಮ್ಯಾಬ್ 1.25 ಮಿ.ಗ್ರಾಂ., ರಾನಿಬಿಜುಮ್ಯಾಬ್ 0.5 ಮಿ.ಗ್ರಾಂ., ಅಫ್ಲಿಬರ್ಸೆಪ್ಟ್ 2 ಮಿ.ಗ್ರಾಂ. ಇವೆಲ್ಲ ರಕ್ತನಾಳ ಬೆಳೆಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಕಟ್ಟಿಹಾಕುತ್ತವೆ. ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರಿನ ಔಷಧಿ, ಬೆಲೆ ಬಹಳ ಕಡಿಮೆ. ಒಂದೇ ವೇಳಾಪಟ್ಟಿಯಲ್ಲಿ ಕೊಟ್ಟಾಗ ಅದು ರಾನಿಬಿಜುಮ್ಯಾಬ್‌ಗೆ ಸಮನಾಗಿ ಕೆಲಸ ಮಾಡುತ್ತದೆ ಎಂದು ಅಮೆರಿಕದ ದೊಡ್ಡ ಹೋಲಿಕೆ ಅಧ್ಯಯನ 2011ರಲ್ಲಿ ತೋರಿಸಿತು. ದೊಡ್ಡ ಬಾಟಲಿಯಿಂದ ಹಲವು ಸಿರಿಂಜುಗಳಿಗೆ ಹಂಚುವುದರಿಂದ ಆ ಕೆಲಸದ ಶುಚಿಯೇ ಅದರ ಸೂಕ್ಷ್ಮ ಜಾಗ. ದುಬಾರಿ ಔಷಧಿಯ ಒಂದು ಡೋಸಿಗೆ ಸಾಲ ಮಾಡಿ ಎರಡನೆಯದಕ್ಕೆ ನಿಲ್ಲಿಸುವುದಕ್ಕಿಂತ, ಅಗ್ಗದ್ದನ್ನು ತಪ್ಪದೆ ಹಾಕಿಸುವುದೇ ಮೇಲು ಎಂದು ನಮ್ಮ ಅಭಿಪ್ರಾಯ. ಯಾವುದು ಎಂಬುದನ್ನು ವೈದ್ಯರೊಂದಿಗೆ ಹಣದ ವಿಷಯವನ್ನೂ ಮುಚ್ಚಿಡದೆ ಮಾತಾಡಿ ನಿರ್ಧರಿಸಿ.

ಒದ್ದೆ ಬಗೆಗೆ ಸಾಮಾನ್ಯವಾಗಿ ಮೊದಲ ಮೂರು ಇಂಜೆಕ್ಷನ್ ತಿಂಗಳಿಗೊಂದರಂತೆ. ಮ್ಯಾಕ್ಯುಲಾ ಒಣಗಿದ್ದರೆ ಅಂತರವನ್ನು ಎರಡೆರಡು ವಾರ ಹಿಗ್ಗಿಸುತ್ತಾ ಹೋಗುತ್ತಾರೆ. ದ್ರವ ಮತ್ತೆ ಕಂಡರೆ ಕುಗ್ಗಿಸುತ್ತಾರೆ. ಔಷಧಿ ಕರಗಿಹೋಗುತ್ತದೆ, ಆದರೆ ಪ್ರೋಟೀನ್ ಹುಟ್ಟುವುದು ನಿಲ್ಲುವುದಿಲ್ಲ, ಇದೇ ಮೂಲ ಕಾರಣ. ಮೂರನೆಯದರ ನಂತರ "ಈಗ ಚೆನ್ನಾಗಿ ಕಾಣ್ತಿದೆ" ಎಂದು ಬಿಡುವವರು ಕೆಲವರು, "ಏನೂ ಹೆಚ್ಚು ಕಾಣ್ಲಿಲ್ಲ" ಎಂದು ಬಿಡುವವರು ಕೆಲವರು. ಇಬ್ಬರದೂ ತಪ್ಪು ಲೆಕ್ಕ. ಅಕ್ಷರಪಟ್ಟಿಯಲ್ಲಿ ಓದುತ್ತಿದ್ದ ಸಾಲು ಇದ್ದಂತೆ ಉಳಿದರೆ ಅದೂ ಔಷಧಿಯ ಫಲವೇ. ಆಸ್ಪತ್ರೆಯ ಕೌಂಟರ್ ಬಿಡುವ ಮೊದಲೇ ಮುಂದಿನ ತಾರೀಖು ಬರೆಸಿಕೊಂಡು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆ, ಊರ ಜಾತ್ರೆ ಬಂದರೆ ಹಿಂದಕ್ಕೆ ಹಾಕಬೇಡಿ, ಸಾಧ್ಯವಾದರೆ ನಾಲ್ಕು ದಿನ ಮುಂಚೆಯೇ ಮಾಡಿಸಿ.

ವಿಮೆಯ ವಿಷಯ. ಕಣ್ಣಿನೊಳಗಿನ ಇಂಜೆಕ್ಷನ್ ಅನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಆರೋಗ್ಯ ವಿಮೆ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದೆ. ಆದರೆ ಮೊತ್ತಕ್ಕೆ ಒಳಮಿತಿ ಹಾಕಲು ಅವಕಾಶವಿದೆ, ಆದ್ದರಿಂದ ಪಾಲಿಸಿಯಲ್ಲಿ ಆ ಸಾಲನ್ನು ಹುಡುಕಿ ಓದಿ. ರೋಗದ ಹೆಸರು, ಔಷಧಿಯ ಹೆಸರು, ಬ್ಯಾಚ್ ಸಂಖ್ಯೆಯ ಚೀಟಿ, ಓ.ಸಿ.ಟಿ. ಪ್ರತಿ ಇವು ಕಡತದಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲಿಂದಿಲ್ಲಿಗೆ ಅಲೆಯುತ್ತದೆ.

ಒಣ ಬಗೆಗೆ ಈ ಇಂಜೆಕ್ಷನ್ ಉಪಯೋಗವಿಲ್ಲ. ಮಧ್ಯಮ ಹಂತದವರಿಗೆ 2013ರ ಎರಡನೇ ಆರೆಡ್ಸ್ (ವಯಸ್ಸಿನ ಕಣ್ಣಿನ ಕಾಯಿಲೆಗಳ ಅಮೆರಿಕದ ಅಧ್ಯಯನ) ಸೂಚಿಸಿದ ಮಾತ್ರೆಗಳನ್ನು ಬರೆಯುತ್ತಾರೆ: ವಿಟಮಿನ್ ಸಿ 500 ಮಿ.ಗ್ರಾಂ., ವಿಟಮಿನ್ ಇ 400 ಐ.ಯು., ಲೂಟಿನ್ 10, ಜಿಯಾಜಾಂಥಿನ್ 2, ಸತು 80, ತಾಮ್ರ 2 ಮಿ.ಗ್ರಾಂ. ಇದು ಕಾಯಿಲೆ ಮುಂದಿನ ಹಂತಕ್ಕೆ ಹೋಗುವ ಸಾಧ್ಯತೆಯನ್ನು ತಗ್ಗಿಸುತ್ತದೆ, ಹೋದ ನೋಟವನ್ನು ತರುವುದಿಲ್ಲ. ಅಂಗಡಿಯಲ್ಲಿ ಚೀಟಿ ತಿರುಗಿಸಿ ಪ್ರಮಾಣ ಓದಿ. ಲೂಟಿನ್ ಎಂದು ದೊಡ್ಡದಾಗಿ ಬರೆದು ಸತುವೇ ಇಲ್ಲದ ಡಬ್ಬಿಗಳು ಇರುತ್ತವೆ. ಬೀಡಿ, ಸಿಗರೇಟು ಸೇದುವವರು, ಬಿಟ್ಟವರು ಬೀಟಾ ಕ್ಯಾರೋಟಿನ್ ಇರುವ ಹಳೆಯ ಮಿಶ್ರಣ ತೆಗೆದುಕೊಳ್ಳಬಾರದು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಸೇದುವುದನ್ನು ಬಿಡುವುದು ಯಾವ ಮಾತ್ರೆಗಿಂತಲೂ ಮುಖ್ಯ. ನುಗ್ಗೆ, ದಂಟು, ಪಾಲಕ್ ಸೊಪ್ಪು ಒಗ್ಗರಣೆಯ ಎಣ್ಣೆಯೊಂದಿಗೆ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ಸೊಪ್ಪು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು. "ಸ್ಟೆಮ್ ಸೆಲ್ ಚುಚ್ಚಿ ಕಣ್ಣು ತರಿಸುತ್ತೇವೆ" ಎಂದು ಹಣ ಕೇಳುವ ಕಡೆ ಹೋಗಲೇಬೇಡಿ. ಫ್ಲಾರಿಡಾದಲ್ಲಿ ಅಂಥ ಚಿಕಿತ್ಸೆ ಪಡೆದ ಮೂವರು ಹೆಂಗಸರು ತೀವ್ರವಾಗಿ ದೃಷ್ಟಿ ಕಳೆದುಕೊಂಡದ್ದು 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಕೊನೆಯ ತಡ: "ಚಿಕಿತ್ಸೆ ಮುಗಿಯಲಿ, ಆಮೇಲೆ ಓದೋಣ"

ಉಳಿದ ನೋಟ ಬಳಸುವ ತರಬೇತಿ ಇಂಜೆಕ್ಷನ್ ಜೊತೆಜೊತೆಗೇ ಶುರುವಾಗಬೇಕು. ಭೂತಗನ್ನಡಿ ಕೊಂಡು ಬೀರುವಿನಲ್ಲಿಡುವವರು ಬಹಳ. ಕಾರಣ, ಓರೆ ನೋಟ ಕಲಿಸದೆ ಗಾಜು ಕೊಟ್ಟಿರುತ್ತಾರೆ. ನಡುವಿನ ಕಲೆಯ ಮೇಲೇ ಅಕ್ಷರ ದೊಡ್ಡದಾಗಿ ಬಿದ್ದರೆ ಏನು ಉಪಯೋಗ?

ಕಲಿಸುವ ಕ್ರಮ ಹೀಗೆ. ಒಂದು ಕಣ್ಣು ಮುಚ್ಚಿಸಿ ಎದುರಿಗೆ ಕುಳಿತುಕೊಳ್ಳಿ. "ನನ್ನ ಮುಖವನ್ನು ಗಡಿಯಾರ ಅಂದುಕೊಳ್ಳಿ, 12ರ ಕಡೆ ನೋಡಿ, 3ರ ಕಡೆ, 6, 9" ಎಂದು ಒಂದೊಂದಾಗಿ ನೋಡಿಸಿ, ಯಾವಾಗ ನಿಮ್ಮ ಮೂಗು ಅತಿ ಚೆನ್ನಾಗಿ ಕಂಡಿತು ಎಂದು ಕೇಳಿ. ಆ ದಿಕ್ಕೇ ಅವರ ಹೊಸ ನೋಟದ ದಿಕ್ಕು. ದಿನಕ್ಕೆರಡು ಸಲ, ಹತ್ತು ಹದಿನೈದು ನಿಮಿಷ, ವಾರಗಟ್ಟಲೆ. ಓದುವಾಗ ಕಣ್ಣನ್ನು ಆ ದಿಕ್ಕಿನಲ್ಲೇ ಹಿಡಿದಿಟ್ಟು ಕಾಗದವನ್ನು ಬಲದಿಂದ ಎಡಕ್ಕೆ ಸರಿಸಬೇಕು.

ಭೂತಗನ್ನಡಿಯ ಶಕ್ತಿ ಆರಿಸಲು ಕೆಸ್ಟನ್‌ಬಾಮ್ ಸೂತ್ರ ಆರಂಭಕ್ಕೆ ಸಾಕು: ದೂರದ ನೋಟ 6/60 (ಚೆನ್ನಾಗಿ ಕಾಣುವವರು 60 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವುದು) ಇದ್ದರೆ 60 ಭಾಗಿಸು 6, ಅಂದರೆ ಗಾಜಿನ ಶಕ್ತಿ 10 ಡಯಾಪ್ಟರ್, ಕಾಗದ 10 ಸೆಂ.ಮೀ. ದೂರ. ಆದರೆ ಪರೀಕ್ಷೆಯನ್ನು ಅಂಕಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಮುಗಿಸಬೇಡಿ. ಕನ್ನಡದ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದು. ದ–ಧ, ಪ–ಷ, ಮ–ವ ಇವುಗಳ ನಡುವೆ ಇರುವುದು ಒಂದು ಸೀಳೋ ಒಂದು ಗೀಟೋ ಅಷ್ಟೇ. ಓದುವುದು ಕನ್ನಡ ಪತ್ರಿಕೆಯಾದರೆ ಅಳೆಯುವುದೂ ಅದರಲ್ಲೇ, ಸೂತ್ರ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚಿನ ಶಕ್ತಿಯನ್ನೂ ಕೊಟ್ಟು ನೋಡಿ. ಕೈ ಭೂತಗನ್ನಡಿಯನ್ನು ತೋಳು ಚಾಚಿ ಹಿಡಿದರೆ ಎರಡೇ ಅಕ್ಷರ ಕಾಣುತ್ತವೆ. ಗಾಜು ಕಾಗದದಿಂದ ತನ್ನ ನಾಭಿದೂರದಲ್ಲಿರಲಿ, ಕಣ್ಣು ಗಾಜಿಗೆ ಹತ್ತಿರ ಬರಲಿ. ಕಾಲಿರುವ ಸ್ಟ್ಯಾಂಡ್ ಗನ್ನಡಿಗೆ ಓದುವ ಕನ್ನಡಕ ಹಾಕಿಯೇ ನೋಡಬೇಕು. ದೀಪ ಓದುವ ಕಣ್ಣಿನ ಪಕ್ಕದಿಂದ ಬರಲಿ. ದೀಪದ ದೂರ ಅರ್ಧ ಮಾಡಿದರೆ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ, ಬಲ್ಬು ಬದಲಿಸುವ ಮೊದಲು ಅದನ್ನು ಮಾಡಿ.

ಅಡುಗೆಮನೆಯಲ್ಲಿ ಬಣ್ಣದ ವಿರೋಧವೇ ಆಸರೆ. ಮೊಸರನ್ನಕ್ಕೆ ಗಾಢ ಬಣ್ಣದ ತಟ್ಟೆ, ರಾಗಿ ಮುದ್ದೆಗೆ ಬಿಳಿ ತಟ್ಟೆ. ಸ್ಟೀಲ್ ತಟ್ಟೆಯ ಹೊಳಪು ಎರಡನ್ನೂ ಮುಚ್ಚುತ್ತದೆ. ಬಾಳೆ ಎಲೆಯ ಮೇಲಿನ ಅನ್ನ ಸೊಗಸಾಗಿ ಕಾಣುತ್ತದೆ. ಗ್ಯಾಸ್ ಗುಬುಟಿಯ "ಬಂದ್" ಗುರುತಿಗೆ, ಮೆಟ್ಟಿಲಂಚಿಗೆ ಹಳದಿ ಟೇಪ್. ಬೆಳಗಿನ ಮಾತ್ರೆಯ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ರಾತ್ರಿಯದಕ್ಕೆ ಎರಡು. ಬಿ.ಎಂ.ಟಿ.ಸಿ. ಬಸ್ಸಿನ ಸಂಖ್ಯೆಗೆ ಫೋನಿನ ಕ್ಯಾಮೆರಾ ಹಿಗ್ಗಿಸಿ ನೋಡಬಹುದು, ಕಂಡಕ್ಟರನ್ನು ಕೇಳುವುದು ಇನ್ನೂ ಬೇಗ. ಜೀವನ್ ಬಿಮಾ ನಗರದ ರಾಷ್ಟ್ರೀಯ ಅಂಧರ ಸಂಸ್ಥೆಯ ಕರ್ನಾಟಕ ಶಾಖೆ, ಎಚ್.ಎಸ್.ಆರ್. ಬಡಾವಣೆಯ ಮಿತ್ರಜ್ಯೋತಿ ಇವು ಪೂರ್ತಿ ಕಾಣದವರಿಗೆ ಮಾತ್ರ ಎಂದುಕೊಂಡು ಹಿಂಜರಿಯಬೇಡಿ, ಕೇಳಿ ನೋಡಿ. ಮಿತ್ರಜ್ಯೋತಿಯಲ್ಲಿ ಕೇಳುವ ಪುಸ್ತಕಗಳ ಭಂಡಾರವಿದೆ.

ನೋಟ ಕುಗ್ಗಿದವರಿಗೆ ಕೆಲವೊಮ್ಮೆ ಇಲ್ಲದ ಜನ, ಹೂಬಳ್ಳಿ, ಬಣ್ಣದ ಜಾಲ ಕಾಣಿಸುತ್ತದೆ. ಇದು ಚಾರ್ಲ್ಸ್ ಬೊನೆ ಸಿಂಡ್ರೋಮ್. ಚಿತ್ರ ಬಾರದ ಜಾಗವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಗಾಳಿ ಸೋಕಿದ್ದೂ ಅಲ್ಲ, ಬುದ್ಧಿ ಕೆಟ್ಟದ್ದೂ ಅಲ್ಲ. ಮನೆಯವರು ಏನೆಂದುಕೊಳ್ಳುತ್ತಾರೋ ಎಂದು ಅಜ್ಜಿ ತಾತ ಬಾಯಿಬಿಡುವುದಿಲ್ಲ, ಆದ್ದರಿಂದ ನಾವೇ ಕೇಳಬೇಕು. ದೀಪ ಹಾಕುವುದು, ಕಣ್ಣನ್ನು ಎಡಬಲ ಆಡಿಸುವುದು, ಎದ್ದು ಬೇರೆ ಕೋಣೆಗೆ ಹೋಗುವುದರಿಂದ ಎಷ್ಟೋ ಸಲ ಚಿತ್ರ ಕರಗುತ್ತದೆ. ದನಿಯೂ ಕೇಳಿಸುತ್ತಿದ್ದರೆ, ಕಂಡದ್ದು ನಿಜವೆಂದೇ ನಂಬುತ್ತಿದ್ದರೆ ಬೇರೆ ಕಾರಣ ಹುಡುಕಲು ವೈದ್ಯರಿಗೆ ತೋರಿಸಬೇಕು.

ಅಂಗವಿಕಲರ ಯು.ಡಿ.ಐ.ಡಿ. ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಗವೈಕಲ್ಯದ ಶೇಕಡಾವಾರು ಲೆಕ್ಕ ಹಾಕುವುದು ಸರಿಯಾದ ಕನ್ನಡಕ ಹಾಕಿದ ನೋಟಕ್ಕೆ, ಹಾಗಾಗಿ ಹಳೆಯ ಕನ್ನಡಕದಲ್ಲಿ ಪರೀಕ್ಷೆಗೆ ಹೋದರೆ ವಾಪಸ್ಸು ಕಳಿಸಬಹುದು. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು 6/18 ಅಥವಾ ಅದಕ್ಕಿಂತ ಚೆನ್ನಾಗಿದ್ದರೆ ಸಿಗುವುದು ಶೇ. 30 ಮಾತ್ರ, ಹೆಚ್ಚಿನ ಸೌಲಭ್ಯಗಳಿಗೆ ಬೇಕಾದದ್ದು 40. ಎರಡೂ ಕಣ್ಣು 6/24ರಿಂದ 6/60ರೊಳಗಿದ್ದರೆ ಆ 40 ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಅಂಗವಿಕಲರಿಗೆ ಸಿಗುವ 75,000 ರೂ. ಕಡಿತವೂ ಅಲ್ಲಿಂದಲೇ ಶುರು, ಶೇ. 80 ಅಥವಾ ಹೆಚ್ಚಿದ್ದರೆ 1,25,000. ಒಂದು ಕಣ್ಣಿದ್ದಾಗ 30 ಬಂದವರು ಎರಡನೆಯ ಕಣ್ಣಿನ ನೋಟವೂ ಇಳಿದರೆ ಮತ್ತೆ ಅರ್ಜಿ ಹಾಕಬೇಕು; ಹಳೆಯ ಕಾರ್ಡಿನಲ್ಲಿ ಅಂಕಿ ತಾನಾಗಿ ಏರುವುದಿಲ್ಲ.